ಚಿತ್ರದಲ್ಲಿ ಇಲ್ಲದವರು ಎಲ್ಲಿ ಹೋದರು? ಇತಿಹಾಸದ ಕ್ಲಾಸಿನಲ್ಲಿ ಆಧುನಿಕ ಕಲೆ

ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮಾಸ್ತರ. ಚಿತ್ರಕಲೆ ಕಲಿತವನಲ್ಲ. ನೆಟ್ಟಗೆ ಒಂದು ಗೆರೆ ಎಳೆಯಲೂ ಸ್ಕೇಲ್ ಬೇಕು ನನಗೆ. ಆದರೂ ಈಗ ಇತಿಹಾಸದ ಕೆಲವು ಪಾಠಗಳನ್ನು ಚಿತ್ರದಿಂದಲೇ ಶುರು ಮಾಡುತ್ತೇನೆ. ಪಠ್ಯಪುಸ್ತಕದಲ್ಲೂ ಚಿತ್ರ ಇರುತ್ತದೆ, ನಿಜ. ಅಲ್ಲಿ ಅದು ಪಾಠದ ಪಕ್ಕ ಸುಮ್ನೆ ಕೂತಿರುತ್ತದೆ, ಯಾರೂ ಅದನ್ನು ಏನೂ ಕೇಳುವುದಿಲ್ಲ.

ನಾನು ಮೊದಲು ಹಿಡಿದದ್ದು ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸರ 1930ರ ಲಿನೋಕಟ್, ಅಂದರೆ ಲಿನೋಲಿಯಂ ಹಾಳೆ ಕೊರೆದು ಒತ್ತಿದ ಅಚ್ಚುಚಿತ್ರ. ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೋಲು ಹಿಡಿದು ಹೆಜ್ಜೆ ಹಾಕುತ್ತಿರುವ ಗಾಂಧೀಜಿ. ಎಲ್ಲರೂ ಎಲ್ಲೋ ಒಂದು ಕಡೆ ನೋಡಿರುವ ಚಿತ್ರ. ಅದನ್ನು ಬೋರ್ಡಿಗೆ ಅಂಟಿಸಿ, ಏನೂ ಹೇಳದೆ ಎರಡು ನಿಮಿಷ ನೋಡಲು ಬಿಡುತ್ತೇನೆ. ಆಮೇಲೆ ಮೂರು ಪ್ರಶ್ನೆ: ಇಲ್ಲಿ ಏನು ನಡೆಯುತ್ತಿದೆ? ಏನು ನೋಡಿ ಹಾಗೆ ಹೇಳುತ್ತೀ? ಇನ್ನೂ ಏನು ಕಾಣುತ್ತದೆ? ಇವು ನನ್ನವಲ್ಲ. ಅಮೆರಿಕದ ಅಬಿಗೇಲ್ ಹೌಸನ್ ಮತ್ತು ಫಿಲಿಪ್ ಯೆನಾವೈನ್ ರೂಪಿಸಿದ ವಿಧಾನದವು. ಎರಡನೆಯ ಪ್ರಶ್ನೆಯೇ ಜೀವಾಳ. "ಗಾಂಧೀಜಿ ಸಿಟ್ಟಿನಾಗ ಅದಾರ್ರೀ ಸರ್" ಅಂದ ಹುಡುಗ, ಮುಖ ನೋಡಿ ಹೇಳಿದನೋ, ಕಾಲು ನೋಡಿ ಹೇಳಿದನೋ ತೋರಿಸಲೇಬೇಕು. ಬೋರ್ಡಿನ ಹತ್ತಿರ ಬಂದು ಬೆರಳಿಟ್ಟು ತೋರಿಸುತ್ತಾರೆ.

ಕಲೆಯ ಮೇಷ್ಟ್ರಿಗೆ ಈ ಮೂರು ಸಾಕಾಗಬಹುದು. ಇತಿಹಾಸಕ್ಕೆ ಸಾಲದು. ಅದಕ್ಕೇ ನಾಲ್ಕನೆಯದೊಂದು ಸೇರಿಸಿಕೊಂಡಿದ್ದೇನೆ: ಇಲ್ಲಿ ಯಾರು ಇಲ್ಲ?

ಈ ಪ್ರಶ್ನೆ ಹಾಕಿ ಪುಸ್ತಕ ತೆಗೆಯಲು ಹೇಳುತ್ತೇನೆ. 1930ರ ಮಾರ್ಚ್ 12ರಂದು ಉಪ್ಪಿನ ಸತ್ಯಾಗ್ರಹಕ್ಕೆಂದು ಸಾಬರಮತಿಯಿಂದ ದಂಡಿಗೆ ಹೊರಟಾಗ ಗಾಂಧೀಜಿಯ ಜೊತೆ 78 ಜನ ಇದ್ದರು. ಚಿತ್ರದಲ್ಲಿ ಒಬ್ಬರೇ. "ಉಳಿದೋರು ಎಲ್ಲಿ ಹೋದರ್ರೀ?" ಅಂತ ತಾವೇ ಕೇಳುತ್ತಾರೆ. ನಮ್ಮೂರ ಕಡೆಯ ಮಕ್ಕಳಿಗೆ ಇದು ಬೇಗ ನಾಟುತ್ತದೆ. ಯಾಕೆಂದರೆ ಆ 78 ಜನರಲ್ಲಿದ್ದ ಕನ್ನಡಿಗ ಮೈಲಾರ ಮಹದೇವಪ್ಪ, ನಮ್ಮ ಮೋಟೆಬೆನ್ನೂರಿನವರು. ಆಗ ಅವರಿಗಿನ್ನೂ 20 ತುಂಬಿರಲಿಲ್ಲ. ಹಾವೇರಿ ರೈಲ್ವೆ ಸ್ಟೇಷನ್ನಿಗೆ ಅವರದೇ ಹೆಸರು. ಅಂಥವರನ್ನು ಶಾಂತಿನಿಕೇತನದ ಅಷ್ಟು ದೊಡ್ಡ ಕಲಾವಿದ ಯಾಕೆ ಬಿಟ್ಟರು? ಬೇಕೆಂದೇ ಬಿಟ್ಟರಾ? ಒಬ್ಬರನ್ನೇ ತೋರಿಸಿದರೆ ಚಿತ್ರಕ್ಕೆ ಬಲ ಜಾಸ್ತಿ ಎಂದು ಒಂದು ಗುಂಪು. ಹಾಗಾದರೆ ಅದು ಸುಳ್ಳಲ್ವಾ ಎಂದು ಇನ್ನೊಂದು ಗುಂಪು.

ಆಗ ಯಾತ್ರೆಯ ಫೋಟೋ ಕೊಡುತ್ತೇನೆ. ಅದರಲ್ಲಿ ಜನ ಇದ್ದಾರೆ. ಫೋಟೋನೇ ನಿಜ ಎಂದು ಎಲ್ಲರೂ ತೀರ್ಮಾನಿಸುವ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ ಹಾಕುತ್ತೇನೆ. ಹೊರಟ ಆ 78 ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಗಾಂಧೀಜಿಯೇ ಸೇರಿಸಿಕೊಂಡಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಈ ಬಗ್ಗೆ ಅವರ ಎದುರೇ ತಕರಾರು ತೆಗೆದಿದ್ದರು. ಇಲ್ಲಿಂದ ಮುಂದೆ ಹುಡುಗಿಯರ ಬೆಂಚಿನ ಮಾತು ನಿಲ್ಲಿಸುವುದು ಕಷ್ಟ. ನಾನು ನಿಲ್ಲಿಸಲು ಹೋಗುವುದೂ ಇಲ್ಲ.

ಮರುದಿನ ಮಕ್ಕಳೇ ಅಚ್ಚು ಕೊರೆಯುತ್ತಾರೆ. ಲಿನೋಲಿಯಂ ಎಂದರೆ ನೆಲಕ್ಕೆ ಹಾಸುವ ಹಾಳೆ. ನಮಗೆ ಹಳೆ ಹವಾಯಿ ಚಪ್ಪಲಿಯ ಅಟ್ಟೆ ಸಾಕು. ಬ್ಲೇಡ್ ಮಾತ್ರ ನನ್ನ ಕಣ್ಣೆದುರೇ ಹಿಡಿಯಬೇಕು. ಕೊರೆದ ಜಾಗ ಬಿಳಿ, ಉಳಿದದ್ದು ಕಪ್ಪು. ಅಂಗೈಯಗಲದ ಅಟ್ಟೆಯಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ತೋರಿಸಿ ಎಂದರೆ ಸಮುದ್ರ ಬೇಕೋ, ಜನ ಬೇಕೋ, ಪೊಲೀಸರು ಬೇಕೋ? ಎಲ್ಲಾ ಹಿಡಿಸುವುದಿಲ್ಲ. ತಾವೇ ಬಿಡಬೇಕಾಗಿ ಬಂದಾಗ ನಂದಲಾಲರನ್ನು ಬೈದವರೂ ಸ್ವಲ್ಪ ಮೆತ್ತಗಾಗುತ್ತಾರೆ.

9ನೇ, 10ನೇ ಕ್ಲಾಸಿಗೆ ಬಂಗಾಳದ ಕಲಾವಿದ ಚಿತ್ತಪ್ರಸಾದರ ಚಿತ್ರ ತರುತ್ತೇನೆ. 1943ರ ಬಂಗಾಳದ ಕ್ಷಾಮದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ ಅವರು ಶಾಯಿಯಲ್ಲಿ ಬರೆದವು ಅವು. ಸರ್ಕಾರ ನೇಮಿಸಿದ ಆಯೋಗವೇ ಸತ್ತವರು ಸುಮಾರು 15 ಲಕ್ಷ ಎಂದಿತು. 30 ಲಕ್ಷದವರೆಗೂ ಲೆಕ್ಕ ಹಾಕಿದವರಿದ್ದಾರೆ. ಈ ಸಂಖ್ಯೆ ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್ಸಿಗೆ ಇಳಿಸಿಕೊಂಡು ಸುಮ್ಮನಾಗುತ್ತಾರೆ. ಚಿತ್ತಪ್ರಸಾದರು ಹಲವು ಕಡೆ ಚಿತ್ರದ ಜೊತೆ ಆ ವ್ಯಕ್ತಿಯ ಹೆಸರು, ಊರು ಬರೆದಿಡುತ್ತಿದ್ದರು. ಹೆಸರಿದ್ದ ಕೂಡಲೇ ಪ್ರಶ್ನೆ ಬೇರೆಯಾಗುತ್ತದೆ. ಇವರ ಮನೆಯಲ್ಲಿ ಯಾರಿದ್ದರು, ಅಕ್ಕಿ ಯಾಕೆ ಸಿಗಲಿಲ್ಲ ಎಂದು ಕೇಳುತ್ತಾರೆ. ಅಲ್ಲಿಂದ ಯುದ್ಧ, ಬೆಲೆಯೇರಿಕೆ, ದೋಣಿಗಳನ್ನು ಸರ್ಕಾರ ಕಿತ್ತುಕೊಂಡದ್ದು, ಕಳ್ಳದಾಸ್ತಾನು, ಹೀಗೆ ಪಾಠ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅದೇ 1943ರ ಏಪ್ರಿಲ್ 1ರಂದು ಇತ್ತ ಹೊಸರಿತ್ತಿಯಲ್ಲಿ ಮಹದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು ಎಂದು ನೆನಪಿಸುತ್ತೇನೆ.

ಆ ಚಿತ್ರಗಳ ಪುಸ್ತಕದ 5000 ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ಸುಟ್ಟುಹಾಕಿತು. ಇದನ್ನು ಕೇಳಿದ್ದೇ ತಡ, ಸುಟ್ಟರೆಂದರೆ ನಿಜವೇ ಇರಬೇಕು ಎಂದು ಮಕ್ಕಳು ತೀರ್ಪು ಕೊಡುತ್ತಾರೆ. ಅಷ್ಟು ಬೇಗ ಬಿಡಬಾರದು. ಚಿತ್ತಪ್ರಸಾದರು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಬರೆಯುತ್ತಿದ್ದವರು. ಆ ಪಕ್ಷ ಆಗ ಯುದ್ಧಕ್ಕೆ ಬೆಂಬಲ ಕೊಟ್ಟಿತ್ತು, ಕ್ವಿಟ್ ಇಂಡಿಯಾ ಚಳವಳಿಗೆ ಸೇರಿರಲಿಲ್ಲ. ಇದು ಗೊತ್ತಾದ ಮೇಲೆ ಚಿತ್ರವನ್ನು ಹೇಗೆ ನೋಡುತ್ತೀರಿ? ಹಸಿವು ಸುಳ್ಳಾಗುತ್ತದಾ? ಇಲ್ಲ. ಆದರೆ ಬರೆದವನಿಗೂ ಒಂದು ನಿಲುವಿತ್ತು ಎಂಬುದನ್ನು ಮಕ್ಕಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 8ನೇ ಕ್ಲಾಸಿಗೆ ನಾನು ಈ ಚಿತ್ರ ತೋರಿಸುವುದಿಲ್ಲ. ಎಲುಬು ಕಾಣುವ ಮಕ್ಕಳ ಚಿತ್ರ ಅವರಿಗೆ ಭಾರ.

ಸ್ಪೇನಿನ ಗೆರ್ನಿಕಾ ಊರಿನ ಮೇಲಾದ ಬಾಂಬ್ ದಾಳಿಯನ್ನು ಕುರಿತ ಪಿಕಾಸೊನ ಚಿತ್ರ ಗೆರ್ನಿಕಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಅದರ ಅಳತೆ ಹಾಕಿಸುತ್ತೇನೆ: ಎತ್ತರ ಸುಮಾರು 3.5 ಮೀಟರ್, ಅಗಲ 7.8 ಮೀಟರ್. ಬಾಂಬ್ ದಾಳಿಯ ಚಿತ್ರದಲ್ಲಿ ವಿಮಾನವೇ ಇಲ್ಲ ಎಂದು ಮಕ್ಕಳು ಕಂಡುಹಿಡಿಯುತ್ತಾರೆ. 1937ರ ಏಪ್ರಿಲ್ 26ರ ಆ ದಾಳಿಯ ಹೊತ್ತಿಗೆ ಪಿಕಾಸೊ ಪ್ಯಾರಿಸ್‌ನಲ್ಲಿದ್ದ. ಊರನ್ನು ಅಲ್ಲಿನವರೇ ಸುಟ್ಟುಕೊಂಡರು ಎಂದು, ಸ್ಪೇನಿನ ಅಂತರ್ಯುದ್ಧದಲ್ಲಿ ಜರ್ಮನಿಯ ನೆರವು ಪಡೆದಿದ್ದ ಸೇನಾಧಿಪತಿ ಫ್ರಾಂಕೋ ಕಡೆಯವರು ಹೇಳಿದರು. ಅಂದು ರಾತ್ರಿಯೇ ಅಲ್ಲಿಗೆ ಹೋಗಿದ್ದ ಪತ್ರಕರ್ತ ಜಾರ್ಜ್ ಸ್ಟೀರ್ ಬಾಂಬ್ ಹಾಕಿದ್ದು ಜರ್ಮನ್ ವಿಮಾನಗಳು ಎಂದು ವರದಿ ಮಾಡಿದ. ಕಣ್ಣಾರೆ ಕಂಡ ವರದಿ ಯಾವುದಕ್ಕೆ ಬೇಕು, ಕಾಣದೆ ಬರೆದ ಚಿತ್ರ ಯಾವುದಕ್ಕೆ ಬೇಕು ಎಂಬುದೇ ಇಲ್ಲಿ ಒಂದು ಪೀರಿಯಡ್ಡಿನ ಚರ್ಚೆ.

"ಪೋರ್ಷನ್ ಮುಗೀತದೇನ್ರೀ?" ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ವರ್ಷವಿಡೀ ಹೀಗೆ ಮಾಡಲು ಆಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಜನವರಿ ನಂತರ ಮುಟ್ಟುವುದೇ ಇಲ್ಲ. ಉಳಿದಂತೆ ಕಿರು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇಡುತ್ತೇನೆ: ಒಂದೇ ಘಟನೆಯ ಒಂದು ಚಿತ್ರ, ಒಂದು ಬರಹ ಕೊಟ್ಟು, ಯಾವುದನ್ನು ಎಷ್ಟು ನಂಬುತ್ತೀರಿ, ಯಾಕೆ? ಮಾರ್ಕ್ಸ್ ಇರುವುದು "ಯಾಕೆ"ಗೆ ಮಾತ್ರ.

ಶುರು ಮಾಡುವವರು ಕಪ್ಪು ಬಿಳುಪಿನ ಚಿತ್ರಗಳಿಂದಲೇ ಹೊರಡಿ. ಝೆರಾಕ್ಸ್ ಅಂಗಡಿಯ ಎ3 ಹಾಳೆಯಲ್ಲೂ ಲಿನೋಕಟ್ ಕೆಡುವುದಿಲ್ಲ, ಬಣ್ಣದ ಚಿತ್ರ ಪೂರಾ ಮಸಿಯಾಗುತ್ತದೆ. ಬೆಂಗಳೂರಿಗೆ ಶಾಲಾ ಪ್ರವಾಸ ಹೊರಟರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಅರ್ಧ ದಿನ ಇಟ್ಟುಕೊಳ್ಳಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ರಜೆ.