ಬೋಟ್ ಮಕ್ಕಳ ಕೈಗೆ ಕೊಡುವ ಮೊದಲು ಮನೇಲಿ ಮುಗಿಸಬೇಕಾದ ಕೆಲಸ

ಅಪ್ಪ ಇನ್ನೂ ಸಮುದ್ರಕ್ಕೆ ಹೋಗುತ್ತಿರುವಾಗಲೇ ಇದನ್ನು ಶುರು ಮಾಡಿ. ಹಾಸಿಗೆ ಹಿಡಿದ ಮೇಲೆ ಕೇಳಿದರೆ ಅರ್ಧ ವಿಷಯ ಸಿಗೋದಿಲ್ಲ.

ಮೊದಲು, ಬೋಟ್ ಯಾರಿಗೆ ಬೇಕು ಅಂತ ಕೇಳಿ. ದೊಡ್ಡ ಮಗ ನಡೆಸ್ತಾನೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅವನನ್ನು ಮಾತ್ರ ಯಾರೂ ಕೇಳಿರೋದಿಲ್ಲ. ಮಗಳನ್ನಂತೂ ಬಿಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ, ಅದೂ ದುಡಿಮೆ ಇಲ್ಲದ ದಿನಗಳಲ್ಲಿ. ಮೀನು ಚೆನ್ನಾಗಿ ಬಿದ್ದ ದಿನ ಎಲ್ಲರೂ ಹೂಂ ಅಂತಾರೆ.

ಆಮೇಲೆ ಜಿಪಿಎಸ್. ನನ್ನ ಲೆಕ್ಕದಲ್ಲಿ ಬೋಟ್‌ಗಿಂತ ದೊಡ್ಡ ಆಸ್ತಿ ಇದೇ. ಎಲ್ಲಿ ಕಲ್ಲಿದೆ, ಎಲ್ಲಿ ಮುಳುಗಿದ ಹಡಗಿಗೆ ಬಲೆ ಸಿಕ್ಕಿ ಹರಿಯುತ್ತೆ, ಯಾವ ತಿಂಗಳು ಯಾವ ಜಾಗ, ಎಲ್ಲ ಆ ಮಷೀನ್‌ನಲ್ಲಿ ಮತ್ತು ಅಪ್ಪನ ತಲೆಯಲ್ಲಿ ಮಾತ್ರ ಇರುತ್ತೆ, ಮಷೀನ್ ಕೆಟ್ಟರೆ ಅದರಲ್ಲಿದ್ದದ್ದು ಹೋಯ್ತು. ಅಪ್ಪನ ಪಕ್ಕ ಕೂತು ಒಂದೊಂದೇ ಪಾಯಿಂಟ್ ಪುಸ್ತಕಕ್ಕೆ ಇಳಿಸಿ. ಜೊತೆಗೆ ಆಳ, ತಳ ಮರಳೋ ಕೆಸರೋ, ಸಿಗುವ ಮೀನು, ಇಷ್ಟನ್ನೂ ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ: ಮಷೀನ್ ಜಾಗವನ್ನು ತೋರಿಸೋದು ಡಿಗ್ರಿ, ನಿಮಿಷಗಳಲ್ಲಿ (ಇದು ಗಡಿಯಾರದ ನಿಮಿಷ ಅಲ್ಲ, ಒಂದು ಡಿಗ್ರಿಯ 60ನೇ ಒಂದು ಪಾಲು). ಅದರಲ್ಲಿ 30.50 ನಿಮಿಷ ಅಂದರೆ 30 ನಿಮಿಷ 30 ಸೆಕೆಂಡ್, 30 ನಿಮಿಷ 50 ಸೆಕೆಂಡ್ ಅಲ್ಲ. ಅಕ್ಷಾಂಶದ 1 ನಿಮಿಷ ಸುಮಾರು 1,852 ಮೀಟರ್, ಹಾಗಾಗಿ ಚುಕ್ಕಿ ಒಂದನ್ನು ತಪ್ಪಾಗಿ ಓದಿದರೆ 600 ಮೀಟರ್ ಆಚೆ ಹೋಗಿ ಸೀದಾ ಕಲ್ಲಿನ ಮೇಲೇ ಬಲೆ ಬಿಡ್ತೀರಿ. ಪುಸ್ತಕದ ಒಂದು ಪ್ರತಿ ಮನೆಯಲ್ಲೇ ಇರಲಿ.

ದಡದ ಲೆಕ್ಕ ಸಾಮಾನ್ಯವಾಗಿ ಅಮ್ಮನ ಹತ್ತಿರ ಇರುತ್ತೆ. ಡೀಸೆಲ್ ಬಾಕಿ, ಐಸ್ ಬಾಕಿ, ಕೆಲಸದವರಿಗೆ ಕೊಟ್ಟ ಮುಂಗಡ, ಮೀನು ಕೊಂಡವರಿಂದ ಬರಬೇಕಾದ್ದು. ಇದನ್ನು ಸುಮ್ನೆ ಮನೆಕೆಲಸ ಅಂತ ಬಿಡಬೇಡಿ, ಅವರ ಪಾಲು ಎಷ್ಟು ಅಂತ ಕಾಗದದಲ್ಲೇ ಬರಲಿ. ಸಾಧ್ಯವಾದರೆ ಬೋಟ್ ಅಪ್ಪ ಅಮ್ಮ ಇಬ್ಬರ ಹೆಸರಲ್ಲೂ ಇರಲಿ.

ಕಾಗದದ ವಿಷಯದಲ್ಲಿ ಜಾಸ್ತಿ ಜನ ಎಡವೋದು ಲೈಸೆನ್ಸ್‌ನಲ್ಲಿ. ಬೋಟ್ ಮಾಲೀಕರ ಹೆಸರು ಬದಲಾದ ಕೂಡಲೇ ಮೀನು ಹಿಡಿಯುವ ಪರವಾನಗಿಯೂ ತಾನಾಗಿ ಬದಲಾಗುತ್ತೆ ಅಂತ ನಂಬಬೇಡಿ, ಮೊದಲೇ ವಿಚಾರಿಸಿ. ಸಾಲ ಇದ್ದರೆ ಅದೂ ಯಾರ ತಲೆ ಮೇಲೆ ಅಂತ ಎಲ್ಲ ಮಕ್ಕಳ ಎದುರೇ ಮಾತಾಡಿ. ಬೋಟ್ ಬೇಡ ಅಂದವರಿಗೂ ಪಾಲಿದೆ ಅಲ್ವಾ? ಅದನ್ನು ಇಂಜಿನ್‌ನ ಇವತ್ತಿನ ಸ್ಥಿತಿ ನೋಡಿ ಕಟ್ಟಿ, ಕೊಂಡ ಬೆಲೆ ಹಿಡಿದಲ್ಲ.

ಕೆಲಸ ಕಲಿಯಲಿ ಅಂತ ಚಿಕ್ಕ ಮಕ್ಕಳನ್ನು ಎಳೆದೊಯ್ಯಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2007ರ ಒಪ್ಪಂದದಲ್ಲಿ ಬೋಟ್ ಕೆಲಸಕ್ಕೆ ಕನಿಷ್ಠ ವಯಸ್ಸು 16, ಕೆಲವು ವಿನಾಯಿತಿ ಬಿಟ್ಟರೆ ರಾತ್ರಿ ಕೆಲಸಕ್ಕೆ 18. ಗಂಟು ಹಾಕೋದು, ಬಲೆ ಹೊಲಿಯೋದು, ವೈರ್‌ಲೆಸ್‌ನಲ್ಲಿ 16ನೇ ಚಾನಲ್ ಹಿಡಿದು ಸಹಾಯ ಕೇಳೋದು, ಇವೆಲ್ಲ ದಡದಲ್ಲೇ ಕಲಿಸಬಹುದು.

ಮೊದಲ ಸೀಸನ್ ಅಪ್ಪನೂ ಜೊತೆಗೆ ಹೋಗಲಿ, ಆದರೆ ಬೋಟ್ ಮೇಲೆ ಮಾತು ಮಗನದ್ದೋ ಮಗಳದ್ದೋ ನಡೀಬೇಕು. ತಪ್ಪು ಕಂಡರೆ ದಡಕ್ಕೆ ಬಂದ ಮೇಲೆ ಹೇಳಲಿ, ಕೆಲಸದವರ ಮುಂದೆ ಬೈದರೆ ಆಮೇಲೆ ಮಕ್ಕಳ ಮಾತನ್ನು ಯಾರೂ ಕೇಳೋದಿಲ್ಲ. ಗಾಳಿ ಎದ್ದಾಗ ಮಾತ್ರ ಈ ನಿಯಮ ಇಲ್ಲ: ಇಬ್ಬರಲ್ಲಿ ಯಾರು ಮೊದಲು ವಾಪಸ್ ಅಂದರೂ ಬೋಟ್ ತಿರುಗಬೇಕು.