ಅತ್ತೆಯ ಮುಖ, ಹಸಿ ಗಾಜು

ಮಂಡ್ಯದ ಸಮೀಪದ ನಮ್ಮ ಊರಿನಲ್ಲಿ, ಹಿತ್ತಿಲ ಹಳೆಯ ಕೊಟ್ಟಿಗೆಯನ್ನೇ ಕತ್ತಲೆ ಕೋಣೆ ಮಾಡಿಕೊಂಡು ನಾಲ್ಕು ವರ್ಷಗಳಿಂದ ಗಾಜಿನ ಮೇಲೆ ಭಾವಚಿತ್ರ ತೆಗೆಯುತ್ತಿದ್ದೇನೆ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ವಿಧಾನವಿದು: ಕೊಲೋಡಿಯನ್ ಎಂಬ ಅಂಟು ದ್ರವ ಹರಿಸಿದ ಗಾಜನ್ನು, ಬೆಳಕಿಗೆ ಸ್ಪಂದಿಸುವಂತೆ ಮಾಡಲು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮೂರು ನಿಮಿಷ ಅದ್ದಿ, ಅದು ಒಣಗುವ ಮೊದಲೇ ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆದು ಡೆವಲಪ್ ಮಾಡಿ ಮುಗಿಸಬೇಕು. ಕ್ಯಾಮೆರಾ ಅಲಪ್ಪುಳದಲ್ಲಿ ತಯಾರಾದ ವಾಗೀಶ್ವರಿ, ತೇಗದ ಮರದ್ದು.

ನನ್ನನ್ನು ಹೆಚ್ಚು ಕಾಡಿದ್ದು ಬಿಸಿಲು. ಕೊಲೋಡಿಯನ್‌ನಲ್ಲಿರುವ ಈಥರ್ 34.6 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ, ಏಪ್ರಿಲ್ ಮಧ್ಯಾಹ್ನ ಗಾಜಿನ ಒಂದು ಮೂಲೆಗೆ ಸುರಿದದ್ದು ಇನ್ನೊಂದು ಮೂಲೆ ತಲುಪುವಷ್ಟರಲ್ಲಿ ಗೆರೆಗೆರೆಯಾಗಿ ಗಟ್ಟಿಯಾಗುತ್ತಿತ್ತು. ಈಗ ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸುತ್ತೇನೆ, ಬಾಟಲಿಗಳನ್ನು ತಣ್ಣೀರಿನ ಬಾನಿಯಲ್ಲಿ ಇಡುತ್ತೇನೆ, ಚಿತ್ರ ತೀರಾ ಬೇಗ ಮೂಡದಂತೆ ಡೆವಲಪರ್‌ಗೆ ಅಸಿಟಿಕ್ ಆಮ್ಲವನ್ನು ತುಸು ಹೆಚ್ಚಿಗೆ ಬೆರೆಸುತ್ತೇನೆ. ಕೊಳವೆಬಾವಿಯ ನೀರಿನಲ್ಲಿ ಒಮ್ಮೆ ಸಿಲ್ವರ್ ನೈಟ್ರೇಟ್ ಕರಗಿಸಿದಾಗ, ಆ ನೀರಿನ ಕ್ಲೋರೈಡ್‌ನಿಂದ ದ್ರಾವಣವೆಲ್ಲ ಹಾಲಿನಂತೆ ಬಿಳಿಚಿತು; ಅಂದಿನಿಂದ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬಳಸಿಲ್ಲ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಸಿಲ್ವರ್ ನೈಟ್ರೇಟ್ ದ್ರಾವಣ ಮುಟ್ಟಬಾರದು, ಈಥರ್ ಇರುವೆಡೆ ಬೆಂಕಿಕಡ್ಡಿಯನ್ನೂ ಗೀರಬಾರದು.

ಮೊದಲು ಕೂರಿಸಿದ್ದು ನನ್ನ ಸೋದರತ್ತೆಯನ್ನು. ಶುಕ್ರವಾರವಾದ್ದರಿಂದ ಅವರು ಕೆನ್ನೆಗೆ ಅರಿಶಿನ ಹಚ್ಚಿ, ಹಣೆತುಂಬ ಕುಂಕುಮವಿಟ್ಟು, ನೀಲಿ ಸೀರೆ ಉಟ್ಟು ಬಂದಿದ್ದರು. ತಲೆಯ ಹಿಂದೆ ಕಬ್ಬಿಣದ ಆಸರೆ ಕೊಟ್ಟು, ಲೆನ್ಸಿನ ಮುಚ್ಚಳ ತೆಗೆದು ಎಂಟರವರೆಗೆ ಎಣಿಸಿದೆ. ಈ ಗಾಜಿಗೆ ನೀಲಿ ಬೆಳಕಷ್ಟೇ ಚೆನ್ನಾಗಿ ಕಾಣುತ್ತದೆ, ಹಳದಿ ಮತ್ತು ಕೆಂಪು ಕಾಣುವುದಿಲ್ಲ ಎಂಬುದನ್ನು ಓದಿದ್ದರೂ ಆ ಕ್ಷಣಕ್ಕೆ ನೆನಪಾಗಲಿಲ್ಲ. ಮೂಡಿದ್ದನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಲ್ಲಿ ಚಿತ್ರ ತಿಳಿಯಾದಾಗ ನೀಲಿ ಸೀರೆ ಬಿಳಿ ಮಲ್ಲಿನಂತಿತ್ತು, ಕುಂಕುಮ ಕಪ್ಪು ಬೊಟ್ಟಾಗಿತ್ತು, ಕೆನ್ನೆಗಳು ಕರಕಲಾಗಿದ್ದವು.

“ಇದೇನ್ಲಾ ಮಗ, ಮೊಕಕ್ಕೆ ಮಸಿ ಬಳ್ದಂಗೈತಲ್ಲಾ?” ಎಂದರು ಅತ್ತೆ.

ಅವರು ಮುಖ ತೊಳೆದು ಬಂದರು. ಕುಂಕುಮವನ್ನು ಮಾತ್ರ ತೆಗೆಯಲು ನಾನೂ ಹೇಳಲಿಲ್ಲ. ಉಸಿರು ಬಿಗಿಹಿಡಿದರೆ ಮೈ ಅದುರುತ್ತದೆಂದು, ಮೆಲ್ಲಗೆ ಉಸಿರಾಡುತ್ತ ತೆಂಗಿನ ಮರವನ್ನೇ ನೋಡಲು ಹೇಳಿದೆ. ಎರಡನೆಯ ಗಾಜಿನಲ್ಲಿ ಕಣ್ಣಂಚಿನ ಸುಕ್ಕುಗಳು ಒಂದೊಂದೂ ಮೂಡಿದ್ದವು, ಆದರೆ ಬಲಗಡೆಯ ಮೂಗುಬೊಟ್ಟು ಎಡಕ್ಕೆ ಹೋಗಿತ್ತು. ವಾರ್ನಿಶ್ ಒಣಗಿದ ಮೇಲೆ ಚಿತ್ರ ಎದ್ದು ಕಾಣಲೆಂದು ಕೊಲೋಡಿಯನ್ ಇರುವ ಬದಿಗೇ ಕಪ್ಪು ಕಾಗದ ಕೊಟ್ಟು, ಗಾಜನ್ನು ತಿರುಗಿಸಿ ಚೌಕಟ್ಟಿಗೆ ಹಾಕಿದೆ. ಮೂಗುಬೊಟ್ಟು ಬಲಕ್ಕೆ ಬಂದದ್ದನ್ನು ಅತ್ತೆ ಬೆರಳಿಟ್ಟು ನೋಡಿ, ನಡುಮನೆಯಲ್ಲಿ ಮಾವನ ಫೋಟೋದ ಪಕ್ಕಕ್ಕೆ ಮೊಳೆ ಹೊಡೆಸಿದರು.