ಬಸುರಿನ ಪುಸ್ತಕ ಆರಿಸಿಕೊಂಡ ಬಗೆ: ನನ್ನ ಅನುಭವ

ಗರ್ಭಿಣಿಯರಿಗೆ ಒಂದು ಒಳ್ಳೆ ಪುಸ್ತಕ ಕೊಡಿ ಅಂತ ಅಂಗಡಿಯಲ್ಲಿ ಕೇಳಿದರೆ ಮೂರು ಬಗೆಯವನ್ನು ತಂದು ಮುಂದಿಡುತ್ತಾರೆ. ಒಂದು, ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಬರೆದ ದಪ್ಪ ಇಂಗ್ಲಿಷ್ ಪುಸ್ತಕ. ಇನ್ನೊಂದು, ನಮ್ಮ ಕಡೆಯ ವೈದ್ಯರೇ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ಇನ್ನೂರು ಮುನ್ನೂರು ಪುಟದ್ದು. ಮೂರನೆಯದು, ಮಗು ಬೆಳ್ಳಗೆ ಹುಟ್ಟಬೇಕಾದರೆ ಏನು ತಿನ್ನಬೇಕು, ಜಾಣ ಆಗಬೇಕಾದರೆ ಏನು ಕೇಳಬೇಕು ಎಂದು ಹೇಳುವಂಥದ್ದು. ತುಮಕೂರಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿ, ಬೆಂಗಳೂರಿಗೆ ಹೋದಾಗ ಗಾಂಧಿನಗರದ ದೊಡ್ಡ ಅಂಗಡಿಯಲ್ಲೂ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲಿನಲ್ಲೂ ಹುಡುಕಿ, ಕೊನೆಗೆ ಎರಡು ಪುಸ್ತಕ ಇಟ್ಟುಕೊಂಡೆ. ಅವುಗಳ ಹೆಸರು ಇಲ್ಲಿ ಹೇಳುವುದಿಲ್ಲ. ನೀವು ಕೊಳ್ಳುವ ಹೊತ್ತಿಗೆ ಹೊಸದು ಬಂದಿರಬಹುದು, ಇವು ಹಳತಾಗಿರಬಹುದು. ಹೇಗೆ ಆರಿಸಿದೆ ಅನ್ನುವುದಷ್ಟೇ ಬೇರೆಯವರಿಗೆ ಉಪಯೋಗಕ್ಕೆ ಬರುವಂಥದ್ದು.

ಮೊದಲು ಯೋಚಿಸಿದ್ದು, ಇದನ್ನು ಓದುವವರು ಯಾರು ಅಂತ. ನಾನೊಬ್ಬಳೇ ಅಲ್ಲವಲ್ಲ. ನಮ್ಮಲ್ಲಿ ಬಸುರಿ ಏನು ತಿನ್ನಬೇಕು, ಎಷ್ಟು ಓಡಾಡಬೇಕು, ಯಾವ ನೋವು ಸಹಜ, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು ಎಂಬುದನ್ನೆಲ್ಲ ಮನೆಯವರು ಸೇರಿ ತೀರ್ಮಾನಿಸುತ್ತಾರೆ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತಿಪಟೂರಿಗೆ ತವರಿಗೆ ಹೋಗುವುದು ಅಂತಲೂ ಆಗಿತ್ತು. ಅಲ್ಲಿ ಅಮ್ಮ, ಇಲ್ಲಿ ಅತ್ತೆ, ಇಬ್ಬರೂ ಓದುವುದು ಕನ್ನಡ ಮಾತ್ರ. ಹಾಗಾಗಿ ಮನೆಗೆ ಬರುವ ಮುಖ್ಯ ಪುಸ್ತಕ ಕನ್ನಡದ್ದೇ ಆಗಿರಬೇಕು, ಅಕ್ಷರ ಕನ್ನಡಕ ಹಾಕಿಕೊಂಡು ಓದುವಷ್ಟು ದೊಡ್ಡದಿರಬೇಕು. ನನ್ನ ಸಂಶಯಗಳಿಗೆ ಬೇಕಾದರೆ ಇನ್ನೊಂದು ವಿವರವಾದದ್ದು ಇರಲಿ ಅಂದುಕೊಂಡೆ.

ಅಂಗಡಿಯಲ್ಲಿ ಯಾವ ಪುಸ್ತಕ ಕೈಗೆ ಬಂದರೂ ಮೊದಲು ನೋಡುತ್ತಿದ್ದದ್ದು ಮುದ್ರಣದ ವಿವರ ಇರುವ ಪುಟ. ಹತ್ತನೇ ಮುದ್ರಣ ಅಂತ ಇದ್ದ ಮಾತ್ರಕ್ಕೆ ಹೊಸದು ಅಂತಲ್ಲ, ಹಳೇ ಪಾಠವನ್ನೇ ಮತ್ತೆ ಮತ್ತೆ ಅಚ್ಚು ಹಾಕಿರುತ್ತಾರೆ. ಪರಿಷ್ಕೃತ ಆವೃತ್ತಿ ಅಂತ ಇದೆಯೇ, ಯಾವ ವರ್ಷ ಎಂದು ನೋಡಬೇಕು. ಅದೂ ಸಾಲದು ಅನ್ನಿಸಿ ಒಳಗೆ ಎರಡು ಗುರುತು ಹುಡುಕುತ್ತಿದ್ದೆ. ಒಂದು ಚುಚ್ಚುಮದ್ದು. ಮೊದಲು ಗರ್ಭಿಣಿಯರಿಗೆ ಟಿ.ಟಿ. ಕೊಡುತ್ತಿದ್ದರು, ಈಗ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಅದರ ಜಾಗಕ್ಕೆ ಧನುರ್ವಾಯು ಮತ್ತು ಗಂಟಲಮಾರಿ ಎರಡಕ್ಕೂ ಸೇರಿದ ಟಿ.ಡಿ. ಬಂದಿದೆ. ಇನ್ನೊಂದು ಕಬ್ಬಿಣದ ಮಾತ್ರೆ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಬಂದ ಮೇಲೆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಅದಕ್ಕೂ ಹಿಂದೆ ಮಾತ್ರೆ 100 ಮಿಲಿಗ್ರಾಂನದ್ದಿತ್ತು. ಪುಸ್ತಕದಲ್ಲಿ ಟಿ.ಟಿ. ಮಾತ್ರ ಇದ್ದು, 100 ಮಿಲಿಗ್ರಾಂ ಅಂತಲೇ ಇದ್ದರೆ ಅದನ್ನು ಯಾರೂ ಈಚೆಗೆ ತಿದ್ದಿಲ್ಲ ಅಂತ ಲೆಕ್ಕ.

ಇಲ್ಲೊಂದು ಮಾತು. ಅಮ್ಮನ ಪೆಟ್ಟಿಗೆಯಲ್ಲಿ ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ ಇತ್ತು. ನನ್ನನ್ನು ಹೊತ್ತಿದ್ದಾಗ ಅಮ್ಮ ಓದಿದ್ದು ಅದನ್ನೇ. ಕನ್ನಡದ ಹೆಣ್ಣುಮಕ್ಕಳಿಗೆ ಸ್ವಂತ ಮೈಯ ವಿಷಯ ನಾಚಿಕೆಯಿಲ್ಲದೆ, ಹೆದರಿಸದೆ ಹೇಳಿಕೊಟ್ಟ ಆ ವೈದ್ಯೆಯ ಮೇಲೆ ನನಗೆ ತುಂಬ ಗೌರವ. ಆದರೆ ಅವರು ತೀರಿಕೊಂಡಿದ್ದು 1991ರಲ್ಲಿ. ಆಮೇಲೆ ಬದಲಾದ ಪರೀಕ್ಷೆ, ಮಾತ್ರೆ, ಕಾನೂನು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಅದನ್ನು ಪ್ರೀತಿಯಿಂದ ಓದಿದೆ, ಮಾತ್ರೆ ಮತ್ತು ಪರೀಕ್ಷೆಗೆ ಹೊಸದನ್ನೇ ನೆಚ್ಚಿಕೊಂಡೆ.

ಮುದ್ರಣದ ಪುಟ ಪಾಸಾದರೆ ಮುಂದಿನದು ಅಪಾಯದ ಚಿಹ್ನೆಗಳ ಪುಟ. ನನ್ನ ಮಟ್ಟಿಗೆ ಪುಸ್ತಕದ ಬೆಲೆ ನಿಂತಿರುವುದೇ ಇದರ ಮೇಲೆ. ಆಶಾ ಕಾರ್ಯಕರ್ತೆ ಬಂದು ಹೆಸರು ಬರೆದುಕೊಂಡು ಹೋದ ಮೇಲೆ ಸಿಕ್ಕ ತಾಯಿ ಕಾರ್ಡನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಅದರಲ್ಲಿ ಚಿತ್ರ ಸಮೇತ ಇದೆ: ರಕ್ತ ಹೋಗುವುದು, ಜ್ವರ, ತಲೆನೋವು ಮತ್ತು ಕಣ್ಣು ಮಂಜಾಗುವುದು, ಮುಖ ಕೈಕಾಲು ಊದುವುದು, ಫಿಟ್ಸ್, ನೋವಿಲ್ಲದೆ ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಏದುಸಿರು. ಅಂಗಡಿಯಲ್ಲೇ ಕಾರ್ಡ್ ತೆಗೆದು ಪುಸ್ತಕದ ಪಕ್ಕ ಇಟ್ಟು ನೋಡಿದೆ. ಇಷ್ಟನ್ನೂ ಒಂದೇ ಕಡೆ, ಹುಡುಕದೆ ಸಿಗುವ ಹಾಗೆ ಕೊಟ್ಟ ಪುಸ್ತಕಗಳು ಕಡಿಮೆಯೇ. ಎಷ್ಟೋ ಪುಸ್ತಕಗಳಲ್ಲಿ ತಲೆನೋವು ಮೂರನೇ ತಿಂಗಳ ಅಧ್ಯಾಯದಲ್ಲಿ, ಊತ ಎಂಟನೇ ತಿಂಗಳಲ್ಲಿ, ಎರಡಕ್ಕೂ ಸಂಬಂಧ ಇರಬಹುದು ಎಂಬ ಮಾತು ಎಲ್ಲೂ ಇಲ್ಲ. ಇನ್ನು ಕೆಲವು ‘ವೈದ್ಯರನ್ನು ಸಂಪರ್ಕಿಸಿ’ ಎಂದು ಬಿಟ್ಟುಬಿಡುತ್ತವೆ. ಯಾವಾಗ, ಈಗಲೇ ಹೋಗಬೇಕೋ, ಮುಂದಿನ ತಪಾಸಣೆವರೆಗೆ ಕಾಯಬಹುದೋ? ಮನೆಯವರಿಗೆ ಬೇಕಾಗಿರುವುದು ಅದು.

ನಾನು ಆರಿಸಿದ ಕನ್ನಡ ಪುಸ್ತಕದಲ್ಲಿ ಅದು ಸ್ಪಷ್ಟವಾಗಿತ್ತು. ತವರಿನಲ್ಲಿದ್ದಾಗ, ಎಂಟು ತಿಂಗಳು ತುಂಬಿದ ಹೊತ್ತಿಗೆ, ಒಂದು ದಿನ ಬೆಳಗಿನಿಂದ ತಲೆನೋವು. ಮಧ್ಯಾಹ್ನಕ್ಕೆ ಕಣ್ಣ ಮುಂದೆ ಮಿಣಮಿಣ ಚುಕ್ಕಿ, ಕ್ಯಾಲೆಂಡರಿನ ಅಕ್ಷರ ಕಾಣಿಸದು. ‘ಪಿತ್ತ ಏರಿದೆ ಕಣೆ, ಸ್ವಲ್ಪ ಪಾನಕ ಕುಡಿದು ಮಲಕ್ಕೋ’ ಅಂದ ಅಮ್ಮ, ನಿಂಬೆಹಣ್ಣು ಹಿಂಡುತ್ತಿದ್ದವರು ಕೈ ಒರೆಸಿಕೊಂಡು ಬಂದು ಪುಸ್ತಕ ತೆಗೆದರು. ಆ ಪುಟದ ಮೂಲೆ ನಾನು ಮೊದಲೇ ಮಡಿಸಿಟ್ಟಿದ್ದೆ. ಐದು ತಿಂಗಳು ದಾಟಿದ ಮೇಲೆ ತಲೆನೋವಿನ ಜೊತೆ ಕಣ್ಣು ಮಂಜಾದರೆ ಆ ಹೊತ್ತಿಗೇ ಬಿಪಿ ನೋಡಿಸಬೇಕು, ಮಾರನೇ ದಿನಕ್ಕೆ ಮುಂದೂಡಬಾರದು ಎಂಬ ಸಾಲನ್ನು ಬೆರಳಿಟ್ಟು ಓದಿದರು. ‘ಏಳು, ಆಟೋ ಕರೀತೀನಿ’ ಅಂದರು. ಆಸ್ಪತ್ರೆಯಲ್ಲಿ ಬಿಪಿ 150/100, ಮೂತ್ರದಲ್ಲಿ ಪ್ರೋಟೀನ್. 140/90 ಮುಟ್ಟಿದರೇ ಎಚ್ಚರ ವಹಿಸಬೇಕಾದದ್ದು. ದಾಖಲು ಮಾಡಿಕೊಂಡು ಮಾತ್ರೆ ಶುರು ಮಾಡಿದರು, 37 ವಾರ ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಇಬ್ಬರೂ ಚೆನ್ನಾಗಿದ್ದೇವೆ. ಅದೇ ಸಾಲು ಇಂಗ್ಲಿಷಿನಲ್ಲಿ ಇದ್ದಿದ್ದರೆ ಅಮ್ಮನಿಗೆ ಅದನ್ನು ನಾನು ಓದಿ ಹೇಳಬೇಕಿತ್ತು, ನನಗಾದರೆ ಆಗ ಅಕ್ಷರವೇ ಕಾಣುತ್ತಿರಲಿಲ್ಲ.

ಹೊರದೇಶದ ಪುಸ್ತಕಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. ಮಗು ಒಳಗೆ ವಾರವಾರಕ್ಕೆ ಹೇಗೆ ಬೆಳೆಯುತ್ತದೆ ಎಂಬ ಚಿತ್ರಗಳು, ಹೆರಿಗೆಯ ಹಂತಗಳು, ಉಸಿರಾಟದ ಅಭ್ಯಾಸ ಇವೆಲ್ಲ ಅವುಗಳಲ್ಲಿ ತುಂಬ ಚೆನ್ನಾಗಿರುತ್ತವೆ. ತೊಡಕು ಬರುವುದು ನಮ್ಮ ಆಸ್ಪತ್ರೆಯ ಬಾಗಿಲಲ್ಲಿ. ಅಲ್ಲಿನ ಪುಸ್ತಕದಲ್ಲಿ ಐದನೇ ತಿಂಗಳ ಸ್ಕ್ಯಾನಿಂಗ್ ಅಂದರೆ ಹೆಣ್ಣೋ ಗಂಡೋ ತಿಳಿದುಕೊಂಡು ಸಂಭ್ರಮ ಪಡುವ ದಿನ. ಇಲ್ಲಿ 1994ರ ಕಾಯ್ದೆ ಪ್ರಕಾರ ಕೇಳುವುದೂ ಹೇಳುವುದೂ ಅಪರಾಧ. 18ರಿಂದ 20 ವಾರದ ಆ ಸ್ಕ್ಯಾನಿಂಗ್ ಮಾಡುವುದು ಮಗುವಿನ ಹೃದಯ, ಬೆನ್ನುಹುರಿ, ಮೂತ್ರಪಿಂಡ ಸರಿಯಿವೆಯೇ ನೋಡಲು. ಇದನ್ನು ವಿವರಿಸಿ, ಏನಾದರೂ ತೊಂದರೆ ಕಂಡರೆ ಮುಂದಿನ ದಾರಿ ಏನು ಎಂದು ಹೇಳುವ ಪುಸ್ತಕ ನಮಗೆ ಬೇಕು.

ಶುಗರ್ ಪರೀಕ್ಷೆಯೂ ಹಾಗೇ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಊಟ ಮಾಡಿದ್ದರೂ ಮಾಡದಿದ್ದರೂ 75 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆಯುತ್ತಾರೆ. 140 ಅಥವಾ ಮೇಲಿದ್ದರೆ ಗರ್ಭಿಣಿಯ ಶುಗರ್. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ, ಅದರಲ್ಲಿ ಹೆಚ್ಚು ಬಂದರೆ ಮಾತ್ರ 100 ಗ್ರಾಂನ ದೊಡ್ಡ ಪರೀಕ್ಷೆ. ಅಲ್ಲಿನ ಲೆಕ್ಕ ಓದಿಕೊಂಡು ಇಲ್ಲಿನ ವರದಿ ಹಿಡಿದರೆ ಏನೂ ಅರ್ಥವಾಗದೆ ಹೆದರಿಕೆಯೊಂದೇ ಉಳಿಯುತ್ತದೆ. ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿಗೆ ಅಮೆರಿಕದ ಪುಸ್ತಕವೇ ಸರಿ ಅಂದೆ, ಅವಳು ತೋರಿಸುವುದು ಅಲ್ಲಿನ ಡಾಕ್ಟರಿಗೆ ತಾನೇ. ಬಾಣಂತನಕ್ಕೆ ಹೊರಟಿದ್ದ ಅತ್ತೆಯ ಸೂಟ್‌ಕೇಸಿನಲ್ಲಿ ಮಾತ್ರ ನಮ್ಮ ಕನ್ನಡ ಪುಸ್ತಕ ಇಟ್ಟು ಕಳಿಸಿದೆವು.

ಆಹಾರದ ಅಧ್ಯಾಯ ನೋಡುವಾಗ ನಮ್ಮ ಅಡುಗೆಮನೆ ಅದರಲ್ಲಿದೆಯೇ ಅಂತ ನೋಡುತ್ತಿದ್ದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದನ್ನು ಹೇಳದೆ ಚೀಸು, ಬ್ರೊಕೋಲಿ ಅಂತ ಪಟ್ಟಿ ಕೊಟ್ಟರೆ ತಿಪಟೂರಿನಲ್ಲಿ ನಾನೇನು ಮಾಡಲಿ? ನುಗ್ಗೆಸೊಪ್ಪು, ಹುರುಳಿಕಾಳಿನ ಬಸ್ಸಾರು, ಮೊಳಕೆಕಾಳಿನ ಹುಳಿ, ಮೊಟ್ಟೆ ಇವುಗಳ ಲೆಕ್ಕ ಇರಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ತಗೋಬಾರದು, ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಒಟ್ಟಿಗೆ ನುಂಗಬಾರದು, ನಿಂಬೆರಸ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಮೈಗೆ ಹತ್ತುತ್ತದೆ, ಮಲ ಕಪ್ಪಾದರೆ ಗಾಬರಿ ಬೇಡ. ಇಷ್ಟು ಹೇಳಿದರೆ ಆ ಅಧ್ಯಾಯ ಬರೆದವರು ಬಸುರಿಯರನ್ನು ದಿನಾ ನೋಡುವವರು ಎಂದು ಗೊತ್ತಾಗುತ್ತದೆ. ತೂಕದ ವಿಷಯದಲ್ಲಿ ಎಲ್ಲರಿಗೂ ಒಂದೇ ಸಂಖ್ಯೆ ಕೊಟ್ಟ ಪುಸ್ತಕಗಳನ್ನು ವಾಪಸ್ ಇಟ್ಟೆ. ಇಂಗ್ಲಿಷ್ ಪುಸ್ತಕಗಳ 25ರಿಂದ 35 ಪೌಂಡ್, ಅಂದರೆ ಹನ್ನೊಂದೂವರೆಯಿಂದ ಹದಿನಾರು ಕೆಜಿ, ಬಸುರಾಗುವ ಮೊದಲು ಎತ್ತರಕ್ಕೆ ತಕ್ಕ ತೂಕ ಇದ್ದವರಿಗೆ ಹೇಳಿದ್ದು. ತೆಳ್ಳಗಿದ್ದವರಿಗೆ ಇನ್ನೂ ಹೆಚ್ಚು ಬೇಕು, ದಪ್ಪ ಇದ್ದವರಿಗೆ ಕಡಿಮೆ ಸಾಕು.

ಪರಂಗಿ ಹಣ್ಣಿನ ಮಾತು ಬರದ ಮನೆಯಿಲ್ಲ. ಕಾಯಿಯಲ್ಲಿರುವ ಹಾಲು ಬೇಡ, ಚೆನ್ನಾಗಿ ಕಳಿತ ಹಣ್ಣು ತಿನ್ನಬಹುದು ಎಂದು ಬಿಡಿಸಿ ಹೇಳಿದ ಪುಸ್ತಕ ಅತ್ತೆಗೂ ಒಪ್ಪಿಗೆಯಾಯಿತು. ‘ಎಲ್ಲಾ ಮೂಢನಂಬಿಕೆ’ ಎಂದು ಹಿರಿಯರನ್ನು ಒಂದೇ ಏಟಿಗೆ ತಳ್ಳಿಹಾಕುವ ಪುಸ್ತಕ ಮನೆಯೊಳಗೆ ಜಗಳ ಹಚ್ಚುತ್ತದೆ, ಅದರಿಂದ ಬಸುರಿಗೇ ಕಷ್ಟ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ, ಆದರೂ ರುಚಿಗೆ ಚಿಟಿಕೆ ಹಾಕಿಕೊಳ್ಳಿ ಅನ್ನುವ ಧಾಟಿ ನನಗೆ ಇಷ್ಟ. ಗಂಡು ಮಗುವಿಗೆ ಇಂಥದ್ದು ತಿನ್ನಿ ಎಂದು ಸೂಚಿಸುವ ಪುಸ್ತಕವನ್ನಂತೂ ಮನೆ ಹೊಸ್ತಿಲು ದಾಟಿಸಲೇಬೇಡಿ. ಹುಟ್ಟುವ ಮೊದಲೇ ಹೆಣ್ಣು ಬೇಡ ಅಂತ ಹೇಳಿಕೊಡುವ ಪುಟಗಳವು.

ವಾರ ಮತ್ತು ತಿಂಗಳ ಗೊಂದಲ ಸಣ್ಣದು ಅನ್ನಿಸಬಹುದು, ಆದರೆ ದಿನಾ ಕಾಡುತ್ತದೆ. ಡಾಕ್ಟರು ವಾರದಲ್ಲಿ ಹೇಳುತ್ತಾರೆ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ. ಮುಟ್ಟು ನಿಂತಿತು ಅನ್ನುವ ಹೊತ್ತಿಗೆ ನಾಲ್ಕು ವಾರ ಆಗಿಯೇ ಬಿಟ್ಟಿರುತ್ತದೆ. ಅಮ್ಮನ ಲೆಕ್ಕ ಒಂಬತ್ತು ತಿಂಗಳು ಒಂಬತ್ತು ದಿನ. ಮೂವತ್ತು ದಿನದ ತಿಂಗಳು ಹಿಡಿದರೆ 279, ಡಾಕ್ಟರ ಲೆಕ್ಕ 40 ವಾರಕ್ಕೆ 280. ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ ಎಂದು ತೋರಿಸಿದ ಮೇಲೆ ಅಮ್ಮ ನನ್ನ ಸ್ಕ್ಯಾನಿಂಗ್ ವರದಿಯನ್ನು ತಾವೇ ಓದತೊಡಗಿದರು. ಎರಡೂ ಎಣಿಕೆ ಪಕ್ಕಪಕ್ಕ ಕೊಟ್ಟ ಪುಸ್ತಕ ಸಿಕ್ಕರೆ ಬಿಡಬೇಡಿ.

ಗಂಡಂದಿರಿಗೆ ಅಂತ ಇರುವ ಭಾಗವನ್ನು ನಮ್ಮವರಿಂದಲೇ ಓದಿಸಿದೆ. ಬಹಳ ಕಡೆ ‘ಹೆಂಡತಿಯನ್ನು ಪ್ರೀತಿಯಿಂದ ನೋಡಿಕೊಳ್ಳಿ’ ಎಂಬಲ್ಲಿಗೆ ಮುಗಿದಿತ್ತು. ‘ಇದರಲ್ಲಿ ನಾನು ಮಾಡೋದೇನು ಅಂತಾನೇ ಇಲ್ಲವಲ್ಲ’ ಅಂದರು. ಆರಿಸಿದ ಪುಸ್ತಕದಲ್ಲಿ ಕೆಲಸ ಇತ್ತು: ಇಬ್ಬರ ರಕ್ತದ ಗುಂಪು ಬರೆದಿಡುವುದು, ರಕ್ತ ಕೊಡಬಲ್ಲವರನ್ನು ಗೊತ್ತುಮಾಡಿಕೊಳ್ಳುವುದು, ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ ಎಂದು ಹೋಗಿ ವಿಚಾರಿಸುವುದು, ವಾಹನ ಸಿಗದಿದ್ದರೆ 108. ಅವರು ಒಂದೊಂದೇ ಮಾಡಿ ಪುಸ್ತಕದಲ್ಲೇ ಗುರುತು ಹಾಕಿಟ್ಟರು.

ಹೆರಿಗೆಯೊಂದಿಗೆ ಮುಗಿದುಹೋಗುವ ಪುಸ್ತಕ ಅರ್ಧ ಪುಸ್ತಕ. ನನಗೆ ಹೆರಿಗೆಯಾದ ಮೇಲೂ ಬಿಪಿ ಇಳಿಯಲು ಸಮಯ ಹಿಡಿಯಿತು, ಆಗಲೂ ಎಚ್ಚರ ಬೇಕೆಂದು ಬರೆದಿದ್ದರಿಂದ ತಪಾಸಣೆ ತಪ್ಪಿಸಲಿಲ್ಲ. ಮೊದಲ ಗಂಟೆಯೊಳಗೆ ಎದೆಹಾಲು, ಹಳದಿ ಹಾಲನ್ನು ಚೆಲ್ಲಬಾರದು, ಮಗುವಿನ ಬಾಯಿಗೆ ಜೇನುತುಪ್ಪ ಬೇಡ, ಆರು ತಿಂಗಳು ಎದೆಹಾಲೊಂದೇ, ಬಾಣಂತಿಗೆ ನೀರು ಕಡಿಮೆ ಮಾಡಬಾರದು. ಇವೆಲ್ಲ ಕನ್ನಡದಲ್ಲಿ ಅಚ್ಚಾಗಿದ್ದರಿಂದ ನಾನು ಬಾಯಿಬಿಟ್ಟು ವಾದಿಸುವ ಪ್ರಸಂಗ ಬರಲಿಲ್ಲ. ಬಾಣಂತಿಯ ಮನಸ್ಸಿನ ಬಗ್ಗೆ ಮಾತ್ರ ಕನ್ನಡ ಪುಸ್ತಕದಲ್ಲಿ ಎರಡೇ ಪ್ಯಾರಾ ಇತ್ತು. ಸುಮ್ಮನೆ ಅಳು ಬರುವುದು ಮೊದಲೆರಡು ವಾರದಲ್ಲಿ ತಾನಾಗಿ ತಗ್ಗುತ್ತದೆ, ಆಮೇಲೂ ಮಗು ಬೇಡ ಅನ್ನಿಸಿದರೆ, ಮಗು ಮಲಗಿದರೂ ನಿದ್ದೆ ಬರದಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ ಎಂಬ ವಿವರ ಸಿಕ್ಕಿದ್ದು ಎರಡನೇ ಪುಸ್ತಕದಲ್ಲಿ. ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವು ಕೊಡುವ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಿಭಾಗ ಇದೆ ಎಂಬುದನ್ನು ಕನ್ನಡ ಪುಸ್ತಕದ ಹಿಂಬದಿ ರಟ್ಟಿನ ಮೇಲೆ ನಾನೇ ಬರೆದಿಟ್ಟೆ. ಆ ಪ್ರತಿಯೇ ನ್ಯೂಜೆರ್ಸಿಗೆ ಹೋದದ್ದು, ಅಲ್ಲಿನ ಸಂಖ್ಯೆಗಳನ್ನು ನಾದಿನಿ ಅದರ ಕೆಳಗೆ ಸೇರಿಸಿಕೊಂಡಿದ್ದಾಳೆ.

ಯಾವಾಗ ಕೊಳ್ಳಬೇಕು ಎಂದು ಹಲವರು ಕೇಳುತ್ತಾರೆ. ಮಗು ಬೇಕು ಎಂದು ಇಬ್ಬರೂ ಮಾತಾಡಿಕೊಂಡ ದಿನವೇ ಕೊಂಡುಬಿಡಿ ಅನ್ನುತ್ತೇನೆ. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ, ಎಷ್ಟೋ ಜನಕ್ಕೆ ಆಗಿನ್ನೂ ಬಸುರು ಖಚಿತವಾಗಿಯೇ ಇರುವುದಿಲ್ಲ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮೊದಲೇ ಶುರು ಮಾಡಿ 12 ವಾರದವರೆಗೆ ತಗೊಳ್ಳಿ ಅನ್ನುವುದು. ಥೈರಾಯ್ಡ್, ಶುಗರ್, ಫಿಟ್ಸ್‌ಗೆ ಮಾತ್ರೆ ನುಂಗುತ್ತಿರುವವರು ಡಾಕ್ಟರ ಹತ್ತಿರ ಮಾತಾಡಿಕೊಳ್ಳಬೇಕಾದದ್ದೂ ಆಗಲೇ. ಅಂಗಡಿಗೆ ಹೋದಾಗ ‘ಗರ್ಭ ಧರಿಸುವ ಮುನ್ನ’ ಎಂಬ ಅಧ್ಯಾಯ ಇದೆಯೇ ಎಂದು ಅದನ್ನೂ ತೆರೆದು ನೋಡಿ.